ಯಾಜಕರು ಉಣ್ಣೆ ಹೊದೆಯಬಾರದು

ನಮ್ಮ ಮಾವ ಎರಡು ಸಲ ಪೂಜಾರಿಯಾದವರು. ಮೊದಲನೆಯ ಪೂಜಾರಿಕೆ ಹುಟ್ಟಿನಿಂದ ಬಂದದ್ದು, ಎರಡನೆಯದು ವೇದಪುಸ್ತಕದಿಂದ. ಮೊದಲನೆಯದನ್ನು ಬಿಟ್ಟಾಗ ಅವರೊಬ್ಬರೇ ನರಳಿದರಂತೆ. ಎರಡನೆಯದನ್ನು ಹಿಡಿದುಕೊಂಡಾಗ ಮನೆಮಂದಿಯೆಲ್ಲ ನರಳಿದೆವು. ಅದನ್ನು ನಾನೇ ಕಂಡಿದ್ದೇನೆ.

ಊರು ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರಕ್ಕೆ ನಡೆದು ಹೋಗಿ ಕೆಲಸ ಮುಗಿಸಿಕೊಂಡು ಹೊತ್ತು ಮುಳುಗುವುದರೊಳಗೆ ಹಿಂದಿರುಗಬಹುದಾದಷ್ಟು ದೂರ. ಮನೆತನ ಕುರಿ ಸಾಕಿ ಕಂಬಳಿ ನೇಯುವವರದು. ಮಾವ ಮಗ್ಗದ ಗುಣಿಯಲ್ಲಿ ಕಾಲಿಟ್ಟು ಕೂತು ನೇಯುತ್ತಿದ್ದರು, ಅತ್ತೆ ರಾಟೆಯಲ್ಲಿ ಉಣ್ಣೆ ನೂಲುತ್ತಿದ್ದರು, ಅವರ ಮಗ, ಅಂದರೆ ನಮ್ಮ ಮನೆಯವರು, ಕುರಿಗಳ ಹಿಂದೆ ಗುಡ್ಡ ಅಲೆಯುತ್ತಿದ್ದರು. ನಾನು ಮಾತ್ರ ಯಾವ ಕೆಲಸಕ್ಕೂ ಬಾರದವಳು. ಚಿಕ್ಕಂದಿನಲ್ಲೇ ತಂದೆತಾಯಿ ಕಳೆದುಕೊಂಡು ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆಯಲ್ಲಿ ಬೆಳೆದವಳು. ಓದು ಬರುತ್ತಿತ್ತು, ಹೊಲಿಗೆ ಬರುತ್ತಿತ್ತು, ಕುರಿಹಿಕ್ಕೆ ಗುಡಿಸುವುದು ಬರುತ್ತಿರಲಿಲ್ಲ. ಮದುವೆಯಾದ ವಾರದಲ್ಲೇ ಅತ್ತೆ ಅದನ್ನೂ ಕಲಿಸಿದರು.

ಆ ಮನೆಯವರು ಕ್ರೈಸ್ತರಾದದ್ದು ನಾನು ಬರುವುದಕ್ಕೆ ಸ್ವಲ್ಪ ಮುಂಚೆ. ಪ್ಲೇಗಿನ ವರ್ಷ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಮಾವನಿಗೆ ಗಡ್ಡೆ ಎದ್ದಿತು. ಅತ್ತೆಯನ್ನು ಬಿಟ್ಟರೆ ಹತ್ತಿರ ಸುಳಿದವರು ಒಬ್ಬರೇ, ಹಳ್ಳಿಹಳ್ಳಿ ತಿರುಗಿ ಸುವಾರ್ತೆ ಹೇಳುತ್ತಿದ್ದ ಉಪದೇಶಿಗಳು. ದಿನವೂ ಬಂದು ಗಂಜಿ ಕುಡಿಸಿದರು, ಮಲಮೂತ್ರ ಬಳಿದರು. ಬದುಕಿಕೊಂಡ ಮಾವ ಅವರು ಹೇಳಿದ ದೇವರನ್ನೇ ಒಪ್ಪಿಕೊಂಡರು. ಮಗನನ್ನೂ ಕರೆದುಕೊಂಡು ಹೋಗಿ ದೀಕ್ಷಾಸ್ನಾನ ಪಡೆದರು. ಅತ್ತೆ ಪಡೆಯಲಿಲ್ಲ. "ನಂಗೆ ತಿಳೀಲಿ, ಆಮೇಲೆ ನೋಡಾಣ" ಎಂದರಂತೆ.

ಅತ್ತೆ ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಮಾವ ಅದುವರೆಗೆ ಕುಲದೇವರ ಪೂಜಾರಿ. ಹಬ್ಬದ ದಿನ ಕರಿ ಕಂಬಳಿ ಹಾಸಿ ಗದ್ದುಗೆ ಮಾಡಿ, ಅದರ ಮೇಲೆ ಕೂತು, ಬಂದವರ ಹಣೆಗೆ ಭಂಡಾರದ ಅರಿಸಿನ ಹಚ್ಚುತ್ತಿದ್ದರು. ಆ ದಿನಗಳಲ್ಲಿ ಅತ್ತೆ ಅವರನ್ನು ಮುಟ್ಟುವ ಹಾಗಿಲ್ಲ, ದೇವರಮನೆಯ ಹೊಸಿಲು ದಾಟುವ ಹಾಗಿಲ್ಲ. ಗಂಡನ ಕೈಯಿಂದ ಅರಿಸಿನ ಹಚ್ಚಿಸಿಕೊಳ್ಳಲು ಎಲ್ಲರ ಹಿಂದೆ ಹೊರಗೆ ನಿಲ್ಲಬೇಕಾಗಿತ್ತು. "ಪೂಜಾರಿ ಹೆಂಡ್ತಿಯಾಗಿ ಸಾಕಾಗೈತೆ ಕಣಮ್ಮ" ಎಂದು ಒಮ್ಮೆ ನನಗೆ ಹೇಳಿದರು. ಅದರಲ್ಲಿ ದೂರಿನ ದನಿಯೇನೂ ಇರಲಿಲ್ಲ. ಬೆನ್ನು ನೋಯುತ್ತದೆ ಎನ್ನುವ ಹಾಗೆ ಹೇಳಿದರು.

ಆದರೂ ಒಂದು ಮಾತು ಅವರ ಮನಸ್ಸಿಗೆ ನಾಟಿತ್ತು. ಯೇಸು ಪ್ರಾಣ ಬಿಟ್ಟ ಗಳಿಗೆಯಲ್ಲಿ ದೇವಾಲಯದಲ್ಲಿ ಜನರನ್ನು ಗರ್ಭಗುಡಿಯಿಂದ ಹೊರಗಿಡುತ್ತಿದ್ದ ಪರದೆ ಮೇಲಿನಿಂದ ಕೆಳಗಿನ ತನಕ ಹರಿದುಹೋಯಿತೆಂದು ಉಪದೇಶಿಗಳು ಹೇಳಿದ್ದರು. ಅತ್ತೆ ಉಣ್ಣೆ ಹಿಂಜುತ್ತ ಕೂತಾಗಲೆಲ್ಲ ಅದನ್ನೇ ಕೇಳುತ್ತಿದ್ದರು.

"ನಿಜವಾಗ್ಲೂ ಹರೀತಾ? ಆಮೇಲೆ ಯಾರೂ ಹೊಲೀಲಿಲ್ವಾ?"

"ಹೊಲಿದರೆಂದು ಎಲ್ಲೂ ಬರೆದಿಲ್ಲ ಅತ್ತೆ."

"ಹಂಗಾದ್ರೆ ಒಳಗ್ಯಾರು ಹೊರಗ್ಯಾರು?"

"ಎಲ್ಲರೂ ಒಳಗೇ."

ಅದಾಗಿ ಕೆಲವು ತಿಂಗಳಿಗೆ, ಮುಂದಿನ ಸಲ ಅಯ್ಯನವರು ಬಂದಾಗ ದೀಕ್ಷಾಸ್ನಾನ ತಗೊಳ್ಳುತ್ತೇನೆಂದು ಅತ್ತೆ ತಾವಾಗಿಯೇ ಹೇಳಿದರು. ಅಯ್ಯನವರೆಂದರೆ ದೀಕ್ಷಾಸ್ನಾನ ಕೊಡುವ ಅಧಿಕಾರವಿದ್ದ ಬೋಧಕರು. ರೈಲಿನಲ್ಲಿ ಹೊಸದುರ್ಗ ರೋಡಿಗೆ ಬಂದಿಳಿದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಎಲ್ಲ ಹಳ್ಳಿಗಳನ್ನೂ ಸುತ್ತಿ ನಮ್ಮಲ್ಲಿಗೆ ಬರುವುದು ವರ್ಷಕ್ಕೆ ಎರಡು ಸಲವಾದರೆ ಹೆಚ್ಚು. ಈ ಸಲ ಆಷಾಢದಲ್ಲಿ ಬರುವುದೆಂದು ಗೊತ್ತಾಗಿತ್ತು.

ಇತ್ತ ಮಾವನಿಗೆ ಉಪದೇಶಿಗಳು ಇನ್ನೊಂದು ಮಾತು ಹೇಳಿದ್ದರು. ನಂಬಿದವರೆಲ್ಲರೂ ಯಾಜಕರು, ಅರಸನ ಮನೆಯ ಯಾಜಕರು, ದೇವರಿಗೂ ತಮಗೂ ನಡುವೆ ಇನ್ನೊಬ್ಬ ಪೂಜಾರಿ ಬೇಡ ಎಂದು. ಮಾವನಿಗೆ ಬಿಟ್ಟ ಪೂಜಾರಿಕೆಯೇ ತಿರುಗಿ ಸಿಕ್ಕಿತ್ತು. ಕಳೆದುಹೋದ ಕುರಿ ಸಂಜೆ ತಾನಾಗಿ ಹಟ್ಟಿಗೆ ಬಂದಂತಾಗಿರಬೇಕು ಅವರಿಗೆ. ಆಮೇಲೆ ಕೇಳಿದರು:

"ಎಲ್ರೂ ಅಂದ್ರೆ? ಹೆಂಗಸ್ರೂ ಏನ್ರಿ?"

"ಹೆಂಗಸರೂ."

"ನಮ್ಮನೇ ಇವಳೂ?"

"ದೀಕ್ಷೆ ಆದ ಮೇಲೆ ಅವರೂ ಯಾಜಕರೇ."

ಮಾವ ತಮ್ಮ ಪಾಲಿಗೆ ಬಂದದ್ದನ್ನು ಒಪ್ಪಿಕೊಂಡರು. ಹೆಂಡತಿಯ ಪಾಲಿಗೆ ಬಂದದ್ದನ್ನು ಕೇಳಿಸಿಕೊಳ್ಳಲಿಲ್ಲ.

ಯಾಜಕನಾದ ಮೇಲೆ ಯಾಜಕನ ಕೆಲಸ ತಿಳಿಯಬೇಡವೇ? ವೇದಪುಸ್ತಕವನ್ನು ಮೊದಲ ಹಾಳೆಯಿಂದ ಓದು ಎಂದು ನನಗೆ ಹೇಳಿದರು. ಸುವಾರ್ತೆಯಿಂದ ಶುರುಮಾಡಿ, ಹೊಸದಾಗಿ ನಂಬಿದವರು ಎಳೆಮಕ್ಕಳಿದ್ದ ಹಾಗೆ, ಮೊದಲು ಹಾಲು, ಆಮೇಲೆ ಗಟ್ಟಿ ಆಹಾರ ಎಂದು ಉಪದೇಶಿಗಳು ಬುದ್ಧಿ ಹೇಳಿದರು. ಮಾವ ಒಪ್ಪಲಿಲ್ಲ.

"ಮಗ್ಗದಾಗೆ ನಡುವಿಂದ ನೇಯಾಕಾಗ್ತೈತಾ? ಮರಿ ಎಷ್ಟು ದಿನ ಅಂತ ಹಾಲು ಕುಡೀತೈತೆ ಹೇಳ್ರಿ. ಹಲ್ಲು ಬಂದ ಮ್ಯಾಲೆ ಹುಲ್ಲಿಗೆ ಬಾಯಿ ಹಾಕ್ತೈತೆ."

ಅತ್ತೆ ಉಪದೇಶಿಗಳಿಗೆ ಮಜ್ಜಿಗೆ ಕೊಡುತ್ತ ನನಗೆ ಹೇಳಿದಂತೆ ಹೇಳಿದರು: "ಎಳೇ ಮರಿ ಹಸೀ ಹುಲ್ಲು ಮೇದ್ರೆ ಹೊಟ್ಟೆ ಉಬ್ಬರಿಸ್ತೈತೆ. ಅದನ್ನೂ ಹೇಳಾಕೆ ಹೇಳು."

ಹೀಗೆ ದಿನವೂ ದೀಪ ಹಚ್ಚಿದ ಕೂಡಲೇ ನಡುಮನೆಯಲ್ಲಿ ಓದು ನಡೆಯಿತು. ವಂಶಾವಳಿಗಳಲ್ಲಿ ನನಗೆ ನಿದ್ದೆ ಬರುತ್ತಿತ್ತು, ಮಾವನಿಗೆ ಬರುತ್ತಿರಲಿಲ್ಲ. ಯಾಜಕರು ಗಡ್ಡದ ಅಂಚು ಕತ್ತರಿಸಬಾರದೆಂದು ಬಂದ ಮರುದಿನದಿಂದ ಹಜಾಮ ನಮ್ಮ ಮನೆಗೆ ಬರುವುದು ನಿಂತಿತು. ಯಾಜಕರ ಉಡುಪು ನಾರುಬಟ್ಟೆಯದೆಂದು ಬಂದಾಗ, ಅದೆಲ್ಲಿ ಸಿಗುತ್ತದೆಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ನಮ್ಮ ಕಡೆ ಸಂತೆಯಲ್ಲಿ ನಾರಿನದೆಂದರೆ ಹಗ್ಗ ಮತ್ತು ಗೋಣಿಚೀಲ. ಕೊನೆಗೆ ಉಡಲು ಒಂದು ಬಿಳೀ ಪಂಚೆ, ಹೊದೆಯಲು ಒಂದು ಬಿಳೀ ವಲ್ಲಿ ತಂದು, ಪ್ರಾರ್ಥನೆಗೆಂದೇ ಬೇರೆ ಇಟ್ಟುಕೊಂಡರು. ಅಲ್ಲಿಯವರೆಗೆ ಅದೆಲ್ಲ ನಗುವ ಮಾತಾಗಿತ್ತು. ನಾವು ನಕ್ಕೂ ನಕ್ಕೆವು, ಅತ್ತೆಯೇ ಮೊದಲು.

ವೈಶಾಖ ಕಳೆದು ಗಾಳಿ ಎದ್ದಿತ್ತು. ಓದು ಒಬ್ಬ ಪ್ರವಾದಿಯ ಭಾಗಕ್ಕೆ ಬಂದಿತ್ತು. ದೇವರು ಆತನಿಗೆ ದರ್ಶನದಲ್ಲಿ ತೋರಿಸಿದ ಆಲಯದ ಬಾಗಿಲು ಎಷ್ಟು ಮೊಳ, ಗೋಡೆ ಎಷ್ಟು ಮೊಳ ಎಂದು ಅಳೆದು ಅಳೆದು ಬರೆದಿದ್ದಾನೆ. ಮೊಳ ಹಾಕಿ ಕಂಬಳಿ ನೇಯುವ ಮಾವನಿಗೆ ಅದು ಬಹಳ ಹಿಡಿಸಿತು, ಕೈ ಚಾಚಿ ಚಾಚಿ ಅಳತೆ ಹಾಕಿಕೊಳ್ಳುತ್ತಿದ್ದರು. ಆ ಅಳತೆ ಮುಗಿದ ಮೇಲೆ ಆಲಯದಲ್ಲಿ ಸೇವೆ ಮಾಡುವ ಯಾಜಕರ ಮಾತು ಬಂತು. ಒಳಗಿನ ಅಂಗಳದಲ್ಲಿ ಸೇವೆ ಮಾಡುವಾಗ ಅವರು ನಾರುಬಟ್ಟೆಯನ್ನೇ ಉಡಬೇಕು, ಅವರ ಮೈಮೇಲೆ ಉಣ್ಣೆ ಇರಬಾರದು, ಬೆವರು ತರಿಸುವಂಥದ್ದನ್ನು ಅವರು ಕಟ್ಟಿಕೊಳ್ಳಬಾರದು ಎಂದಿತ್ತು.

"ಏನಂದೆ? ಇನ್ನೊಂದ್ಸಲ ಓದಮ್ಮ."

ಓದಿದೆ.

"ಉಣ್ಣೆ ಅಂದ್ರೆ ನಮ್ ಉಣ್ಣೇನಾ?"

"ಉಣ್ಣೆ ಅಂದರೆ ಉಣ್ಣೆಯೇ ಮಾವ. ಕುರಿಯದು."

"ಸಾಕು. ಮುಚ್ಚು."

ತಾವು ಕೂತಿದ್ದ ಕಂಬಳಿಯನ್ನು ಎದ್ದು ಮಡಿಸಿ ಹೊರಗಿನ ಜಗಲಿಯ ಮೇಲಿಟ್ಟು ಬಂದರು. ತಾವು ಹೊದೆಯುತ್ತಿದ್ದುದನ್ನು ಮರುದಿನ ಮಗನಿಗೆ ಕೊಟ್ಟರು. ನಮ್ಮ ಮನೆಯವರು ಆ ಸಲದ ಗಾಳಿಗಾಲವಿಡೀ ಎರಡು ಕಂಬಳಿ ಹೊದ್ದು ಬೆಚ್ಚಗೆ ಕುರಿ ಕಾದರು. ಇನ್ನೊಂದು ವಾರಕ್ಕೆ ಮಗ್ಗ ನಿಂತಿತು. ಯಾಜಕನ ಮೈಗೆ ಆಗದ್ದು ಯಾಜಕನ ಕೈಗೆ ಹೇಗೆ ಆದೀತು ಎಂಬುದು ಮಾವನ ತರ್ಕ. ಅತ್ತೆ ನೂತ ನೂಲಿನ ಉಂಡೆಗಳು ಮೂಲೆಯಲ್ಲಿ ರಾಶಿ ಬಿದ್ದವು.

ಊರವರಿಗೆ ಹಬ್ಬವಾಯಿತು. "ಏನಪ್ಪ, ಕುರುಬ ಕಂಬಳಿ ಬಿಟ್ಟ, ಇನ್ನು ಕುರಿಗಳು ಯಾವಾಗ ಬಿಡ್ತಾವೆ?" ಎಂದು ಬಾವಿಕಟ್ಟೆಯಲ್ಲಿ ಕೇಳಿದರು. ಮಾವ ಸಿಟ್ಟಾಗಲಿಲ್ಲ. ಅವರ ಮನಸ್ಸಿನಲ್ಲಿದ್ದುದನ್ನು ಉಪದೇಶಿಗಳ ಮುಂದೆ ಒಮ್ಮೆ ಹೇಳಿದರು, ನಾನು ಅಲ್ಲೇ ಇದ್ದೆ.

"ಹಳೇ ದೇವ್ರು ನನ್ನ ಕಂಬಳಿ ಮ್ಯಾಲೆ ಕೂರಿಸಿ ಪೂಜಾರಿ ಮಾಡಿದ್ದ. ಈ ದೇವ್ರು ಕಂಬಳಿ ಬಿಟ್ಟು ಬಾ ಅಂತಾನೆ. ಇದಕ್ಕಿಂತ ಬಿಡಿಸಿ ಹೇಳಾಕಾಗ್ತೈತೇನ್ರಿ?"

"ಅದು ಹಳೆಯ ಒಡಂಬಡಿಕೆ ಕಾಲದ ಮಾತು, ಯೇಸು ಬರುವುದಕ್ಕೆ ಮುಂಚಿನದು" ಎಂದರು ಉಪದೇಶಿಗಳು.

"ಹಳೇದು ಅಂದ್ರೆ ಸುಳ್ಳಾ?"

"ಛೆ ಛೆ, ಸುಳ್ಳಲ್ಲ."

"ಮತ್ತೆ?"

ಉಪದೇಶಿಗಳು ಒಳ್ಳೆಯವರು, ಪ್ಲೇಗಿಗೂ ಹೆದರದವರು. ಈ "ಮತ್ತೆ"ಗೆ ಹೆದರಿದರು. ಅಯ್ಯನವರು ಬಂದಾಗ ಕೇಳೋಣ ಎಂದು ಕೊಡೆ ತೆಗೆದುಕೊಂಡು ಹೊರಟರು.

ಮಾವನೊಬ್ಬರೇ ಚಳಿಯಲ್ಲಿ ನಡುಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಡುಮನೆ ಪ್ರಾರ್ಥನೆಯ ಜಾಗ, ಅಂದರೆ ಒಳಗಿನ ಅಂಗಳ, ಅಲ್ಲಿಗೆ ಉಣ್ಣೆ ಬರಕೂಡದು ಎಂದು ಅವರು ಅಪ್ಪಣೆ ಮಾಡಿದರು. ಅತ್ತೆಗೆ ಉಬ್ಬಸ. ಗಾಳಿ ಎದ್ದರೆ ಅವರು ಕಂಬಳಿಯ ಹೊರಗೆ ಬದುಕುವವರಲ್ಲ. ಅವರು ಹೊದೆಯುತ್ತಿದ್ದ ಕಂಬಳಿಯಾದರೂ ಎಂಥದು? ಮದುವೆಯಲ್ಲಿ ಇಬ್ಬರನ್ನೂ ಕೂರಿಸಲು ಹಾಸಿದ್ದು, ಮಾವನೇ ನೇಯ್ದದ್ದು. ಅಂಚು ಸವೆದು ಹೋದಲ್ಲೆಲ್ಲ ಅತ್ತೆ ಹೊಸ ಎಳೆ ಹಾಕಿ ಹೊಲಿದಿದ್ದರು. ಎಲ್ಲ ಮಕ್ಕಳನ್ನೂ, ಉಳಿದವರನ್ನೂ ಉಳಿಯದವರನ್ನೂ, ಅದರಲ್ಲೇ ಸುತ್ತಿ ಎತ್ತಿಕೊಂಡಿದ್ದರು.

ಮೊದಲ ಸಂಜೆ ಅತ್ತೆ ಕಂಬಳಿ ಹೊದ್ದೇ ಬಾಗಿಲಿಗೆ ಬಂದರು. ಮಾವ ಕೈ ಅಡ್ಡ ಹಿಡಿದರು. ಅತ್ತೆ ಅವರ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು.

"ಕಂಬಳ್ಯಾಗೆ ಉಣ್ಣಾಕೆ ಕುಂತು ಕೂದ್ಲು ಆರಿಸಿದಂಗಾಯ್ತು. ಈ ಮನೇಲಿ ಉಣ್ಣೋದು, ಉಡೋದು, ಮಲಗೋದು ಎಲ್ಲಾ ಕುರಿಯಿಂದ. ಇವತ್ತು ಆ ಕುರಿ ಕೂದ್ಲು ಮೈಲಿಗೆ ಆಯ್ತಾ? ಹರಿದ ಪರದೇನ ಇವ್ರು ಹೊಲೀತಾ ಕುಂತವ್ರೆ. ಹೊಲೀಲಿ ಬಿಡು."

ಅಂಗಳಕ್ಕೆ ಹೋಗಿ ಕುರಿಮರಿಗಳ ಗೂಡಿನ ಪಕ್ಕ ಕೂತರು. ಅಂದಿನಿಂದ ದಿನವೂ ಅಲ್ಲೇ. ಒಳಗೆ ಮಾವ ಪ್ರಾರ್ಥನೆ ಮಾಡುವರು, ನಾನೂ ನಮ್ಮ ಮನೆಯವರೂ ಆಮೆನ್ ಎನ್ನುವೆವು, ಹೊರಗಿನಿಂದ ಕೆಮ್ಮು ಕೇಳುವುದು. ನಾನು ದೀಕ್ಷಾಸ್ನಾನದ ಮಾತೆತ್ತಿದೆ. "ಕಂಬಳಿ ಹೊದ್ದೋಳು ಆ ದೇವ್ರಿಗೆ ಬ್ಯಾಡಾದ್ರೆ ಅವನೂ ನಂಗೆ ಬ್ಯಾಡ. ಇನ್ನೊಬ್ಬ ಪೂಜಾರಿ ಬಾಗ್ಲಾಗೆ ನಾನು ನಿಲ್ಲಾಕಿಲ್ಲ" ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ನನಗೆ ಮಾವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆದರೆ ಬಿಳೀ ವಲ್ಲಿಯೊಳಗೆ ಅವರ ತೋಳು ಮುಳ್ಳೆದ್ದು ನಡುಗುವುದನ್ನು ದಿನವೂ ಎದುರಿಗೆ ಕೂತು ನೋಡುತ್ತಿದ್ದವಳು ನಾನೇ. ಅವರು ಸೋಗು ಹಾಕುತ್ತಿರಲಿಲ್ಲ. ಸೋಗಾಗಿದ್ದರೆ ಜಗಳವಾಡುವುದು ಸುಲಭವಾಗುತ್ತಿತ್ತು.

ಇನ್ನೊಂದು ವಿಷಯವೆಂದರೆ ಓದು ಅಲ್ಲಿಗೇ ನಿಂತುಹೋಗಿತ್ತು. ಮುಂದಕ್ಕೆ ಓದಲೇ ಎಂದು ನಾನು ಕೇಳಿದಾಗಲೆಲ್ಲ, "ಇದನ್ನ ನಡೆಸಿ ತೋರಿಸಿದ ಮ್ಯಾಲೆ ಮುಂದಿಂದು" ಎನ್ನುತ್ತಿದ್ದರು. ಅದೇ ಹಾಳೆಯನ್ನೇ ದಿನಾ ಓದಿಸುತ್ತಿದ್ದರು. ಹುಲ್ಲಿಗೆ ಬಾಯಿ ಹಾಕಿದ ಮರಿ ಒಂದೇ ಗರಿಕೆ ಹಿಡಿದುಕೊಂಡು ನಿಂತಿತ್ತು.

ಆಷಾಢದ ಒಂದು ಮಧ್ಯಾಹ್ನ ಅಯ್ಯನವರ ಗಾಡಿ ಬಂತು. ಜಿಟಿಜಿಟಿ ಮಳೆ, ನಮ್ಮ ಸೀಮೆಯ ಹುಚ್ಚು ಗಾಳಿ. ಅಯ್ಯನವರು ನಡುವಯಸ್ಸಿನವರು, ಮೆಲುಮಾತಿನವರು. ಕಾಲು ತೊಳೆದು ಒಳಗೆ ಬರುವಾಗ ಅಂಗಳದ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅತ್ತೆಯನ್ನು ಕಂಡು, "ಯಾಕಮ್ಮ ಮಳೆಯಲ್ಲಿ?" ಎಂದರು. "ಇದು ನನ್ನ ಜಾಗ ಸ್ವಾಮಿ" ಎಂದರು ಅತ್ತೆ.

ಒಳಗೆ ಉಪದೇಶಿಗಳು ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಅಯ್ಯನವರು ಮಾವನಿಗೆ ತಾಳ್ಮೆಯಿಂದ ಬಿಡಿಸಿ ತಿಳಿಸಿದರು. ಹಿಂದಿನ ಯಾಜಕರು ಬರಲಿರುವವನ ನೆರಳು, ಈಗ ಮಹಾಯಾಜಕನು ಒಬ್ಬನೇ, ಅವನು ತನ್ನನ್ನೇ ಅರ್ಪಿಸಿಬಿಟ್ಟಿದ್ದಾನೆ, ಬಟ್ಟೆಯ ಶುದ್ಧಿ ಹೋಗಿ ಹೃದಯದ ಶುದ್ಧಿ ಬಂದಿದೆ ಎಂದರು. ಎಲ್ಲ ಸರಿಯಾದ ಮಾತೇ. ಮಾವ ತಲೆ ಅಲ್ಲಾಡಿಸುತ್ತ ಕೇಳಿದರು, ಮುಗಿದ ಮೇಲೆ ಎಂದಿನಂತೆ ಅದೇ "ಮತ್ತೆ" ಹಾಕಿದರು.

"ಮತ್ತೆ ಬರೆದಿದ್ದು ಯಾಕೆ ಅಯ್ಯನೋರೇ? ನಮ್ ಸೊಸೆ ಏನಾರ ತಪ್ಪು ಓದಿದ್ಲಾ?"

ಅಯ್ಯನವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ನೋಡಿದರು. "ತಪ್ಪಿಲ್ಲ. ಎಲ್ಲಿಗೆ ನಿಲ್ಲಿಸಿದಿರಿ?"

"ಅಲ್ಲಿಗೇ."

"ಮುಂದೆ?"

"ಮುಂದೆ ಓದ್ಸಿಲ್ಲ."

ಅಯ್ಯನವರು ಪುಸ್ತಕವನ್ನು ನನಗೇ ಕೊಟ್ಟರು. "ನಿಲ್ಲಿಸಿದಲ್ಲಿಂದ ಓದಮ್ಮ" ಎಂದರು.

ಓದಿದೆ. ಆ ಯಾಜಕರು ಹೊರಗಿನ ಅಂಗಳಕ್ಕೆ, ಅಂದರೆ ಜನರ ಬಳಿಗೆ ಹೋಗುವಾಗ, ಸೇವೆ ಮಾಡುತ್ತಿದ್ದ ಆ ಬಟ್ಟೆಗಳನ್ನು ಬಿಚ್ಚಿ ಒಳಗೇ ಇಟ್ಟು, ಬೇರೆ ಬಟ್ಟೆ ಹಾಕಿಕೊಂಡು ಹೋಗಬೇಕು ಎಂದಿತ್ತು.

ಮಾವ ಅಂಗಳದ ಬಾಗಿಲ ಕಡೆ ನೋಡಿದರು.

"ಹೊರಗಿನ ಅಂಗಳದಾಗೆ ಜನ ಇರ್ತಾರಾ?"

"ಇರುತ್ತಾರೆ ಮಾವ."

"ಅವ್ರ ಹತ್ರ ಹೋಗ್ಬೇಕಾರೆ ಇದನ್ನ ಬಿಚ್ಚಿಡಬೇಕಂತಾ?"

"ಹಾಗೇ ಬರೆದಿದೆ."

ಅಯ್ಯನವರು ಏನೋ ವಿವರಿಸಲು ಬಾಯಿ ತೆರೆದರು. ಮಾವ ಸಾಕೆನ್ನುವ ಹಾಗೆ ಕೈ ಎತ್ತಿದರು. ಹೊರಗೆ ಅತ್ತೆ ಕೆಮ್ಮುತ್ತಿದ್ದರು. ಇಷ್ಟು ದಿನ ಕೇಳಿದ ಕೆಮ್ಮೇ ಅದು. ಮಾವ ಎದ್ದರು, ಬಿಳೀ ವಲ್ಲಿ ತೆಗೆದು ಗೂಟಕ್ಕೆ ಹಾಕಿದರು, ಪಂಚೆ ಕಳಚಿ ಮಗ್ಗಕ್ಕೆ ಕೂರುವಾಗ ಉಡುತ್ತಿದ್ದ ಹಳೇ ಪಂಚೆ ಸುತ್ತಿಕೊಂಡರು. ಕಂಬಳಿಗಾಗಿ ಕಣ್ಣಾಡಿಸಿದರು. ಅವರದು ಮಗನ ಮೈಮೇಲೆ ಗುಡ್ಡದಲ್ಲಿತ್ತು. ಬರಿಮೈಯಲ್ಲೇ ಮಳೆಗೆ ಇಳಿದರು.

ನಾವು ಬಾಗಿಲಿಗೆ ಬಂದು ನಿಂತೆವು. ಮಾವ ಹೋಗಿ ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಅತ್ತೆ ತಿರುಗಿ ನೋಡಲಿಲ್ಲ. ಬಾಗಿಲಲ್ಲಿದ್ದ ನನಗೆ ಕೇಳುವಂತೆ, "ಒಳಗಿನ ಸೇವೆ ಮುಗೀತಾ ಕೇಳು" ಎಂದರು.

"ಮುಗೀತು" ಎಂದರು ಮಾವ.

ಅತ್ತೆ ಕಂಬಳಿಯ ಒಂದು ಸೆರಗು ಎತ್ತಿದರು. ಮಾವ ಅದರೊಳಗೆ ಸರಿದುಕೊಂಡರು. ಮದುವೆಯ ದಿನ ಇಬ್ಬರೂ ಕೂತಿದ್ದ ಕಂಬಳಿ, ಇಬ್ಬರನ್ನೂ ಹಿಡಿಸಿತು.

"ಅಯ್ಯನೋರೇ, ಇಲ್ಲಿಗೇ ಬರ್ರಿ" ಎಂದು ಮಾವ ಕರೆದರು.

ಅಯ್ಯನವರು ತಂಬಿಗೆ ನೀರು ತೆಗೆದುಕೊಂಡು ಅಂಗಳಕ್ಕೆ ಬಂದರು. ಉಪದೇಶಿಗಳು ಕೊಡೆ ಹಿಡಿದರು, ಗಾಳಿಗೆ ಅದು ತಿರುವುಮುರುವಾಯಿತು. ಅತ್ತೆಯ ಮುಖದಲ್ಲಿ ಇನ್ನೂ ಅನುಮಾನವಿತ್ತು.

"ಕಂಬಳಿ ತೆಗೀಬೇಕಾ ಸ್ವಾಮಿ?"

"ತಲೆಯ ಮೇಲಿನದನ್ನು ಮಾತ್ರ ಸ್ವಲ್ಪ ಸರಿಸಮ್ಮ, ನೀರು ಹಾಕಬೇಕು" ಎಂದರು ಅಯ್ಯನವರು.

ಸರಿಸಿದವರು ಮಾವ. ನೀರು ಅತ್ತೆಯ ನರೆಗೂದಲಿನಿಂದ ಇಳಿದು, ಬಿಗಿನೇಯ್ಗೆಯ ಮೇಲೆ ನಿಲ್ಲದೆ ಜಾರಿ ನೆಲಕ್ಕೆ ಬಿತ್ತು. ಮಾವ ಕಂಬಳಿಯನ್ನು ಮತ್ತೆ ಎಳೆದು ಅವರ ತಲೆಗೆ ಹೊದಿಸಿದರು. ಆಮೇಲೆ ಯಾರೂ ಎಣಿಸದ ಒಂದು ಮಾತು ಆಡಿದರು.

"ನೀನೂ ಯಾಜಕಳೇ ಅಂತ ಉಪದೇಶಿಗಳು ಅವತ್ತೇ ಹೇಳಿದ್ರು. ನಾನು ಕಿವಿಗೆ ಹಾಕ್ಕಳ್ಲಿಲ್ಲ. ಯಾಜಕರು ಬ್ಯಾರೇರಿಗೋಸ್ಕರ ಬೇಡ್ಕಬೇಕಂತೆ. ನಂಗೋಸ್ಕರ ಬೇಡ್ಕ."

"ನಂಗೆ ಬರಾಕಿಲ್ಲ."

"ಬಂದಂಗೆ ಬೇಡ್ಕ."

ಗಂಡನ ಕೈಯಿಂದ ಅರಿಸಿನ ಹಚ್ಚಿಸಿಕೊಳ್ಳಲು ಎಷ್ಟೋ ವರ್ಷ ಎಲ್ಲರ ಹಿಂದೆ ನಿಂತಿದ್ದ ಹೆಂಗಸು, ಕಂಬಳಿಯೊಳಗಿನಿಂದ ಕೈ ತೆಗೆದು ಅವರ ಒದ್ದೆ ತಲೆಯ ಮೇಲಿಟ್ಟರು. ಆಮೇಲೆ ಕುರಿಗಳ ಜೊತೆ ಮಾತಾಡುವ ದನಿಯಲ್ಲೇ ಹೇಳಿದರು.

"ಸ್ವಾಮಿ, ಈ ಮುದುಕ್ರಿಗೆ ಬಾಳ ಚಳಿ ಆಗೈತೆ. ಹೇಳ್ಕಳಾಕೆ ಬರಾಕಿಲ್ಲ. ನೀನೇ ನೋಡ್ಕ."

ಅಷ್ಟೇ. ಮುಗಿಯಿತೋ ಇಲ್ಲವೋ ಎಂದು ಅಯ್ಯನವರೂ ಕಾದರು, ಉಪದೇಶಿಗಳೂ ಕಾದರು. ಅದುವರೆಗೆ ಆ ಮನೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದವರು ಮಾವ, ಆಮೆನ್ ಎನ್ನುತ್ತಿದ್ದವರು ನಾವು. ಆ ದಿನ ಆಮೆನ್ ಎಂದು ಮೊದಲು ಹೇಳಿದ್ದು ಕಂಬಳಿಯೊಳಗಿದ್ದ ಮಾವ.